ಮೊದಲ ಗಂಟೆಯ ಕೇಕು

ಡಯಾಲಿಸಿಸ್ ಕೋಣೆಯ ಹೊರಗಿನ ಕುರ್ಚಿಯಲ್ಲಿ ಕೂತು, ಮೊಬೈಲಿನ ಚಾರ್ಜು ಮುಗಿಯುವುದರೊಳಗೆ ಏನಾದರೂ ಓದೋಣವೆಂದು ಇದನ್ನು ತೆರೆದವರು ಯಾರಾದರೂ ಇದ್ದರೆ, ಈ ಬರಹ ಮುಖ್ಯವಾಗಿ ನಿಮಗೆ. ಒಳಗೆ ಮಲಗಿರುವವರಿಗೆ ಓದುವ ಮನಸ್ಸಿರುವುದಿಲ್ಲ. ನಾನೂ ಅಲ್ಲಿ ಮಲಗಿದ್ದವಳೇ. ಕಿಡ್ನಿ ಎಂದರೇನು, ಅದು ಕೆಟ್ಟರೆ ಏನಾಗುತ್ತದೆ ಎಂದು ವಿವರಿಸಲು ನಾನು ಹೋಗುವುದಿಲ್ಲ. ಅದನ್ನು ಡಾಕ್ಟರರು, ನೆಂಟರು, ಪಕ್ಕದ ಮನೆಯವರು, ಆಟೋದವರು ಎಲ್ಲರೂ ನಿಮಗೆ ಈಗಾಗಲೇ ಹೇಳಿ ಮುಗಿಸಿರುತ್ತಾರೆ. ನಾನು ಹೇಳಹೊರಟಿರುವುದು ಒಂದು ಕೇಕಿನ ವಿಷಯ, ಮತ್ತು ಅದನ್ನು ಯಾರಿಗಾಗಿ ಮಾಡಿದೆನೋ ಆ ಮೈಮೂನಕ್ಕನ ವಿಷಯ.

ನನ್ನ ಹೆಸರು ವನಜ. ನಮ್ಮದು ಮೀನುಗಾರರ ಕುಟುಂಬ. ಗಂಡ ಮೊದಲು ಟ್ರಾಲರ್ ಬೋಟು ನಡೆಸುತ್ತಿದ್ದರು, ಈಗ ಬಂದರಿನ ದಕ್ಕೆಯಲ್ಲಿ ಮೀನು ಏಲಂ ಮಾಡಿಸುತ್ತಾರೆ. ನಾನು ಅಲ್ಲೇ ಒಂದು ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮನೆ ಕೊಟ್ಟಾರದಲ್ಲಿ, ಹೈವೇಯ ಲಾರಿಗಳ ಸದ್ದು ಅಡುಗೆಮನೆಗೆ ಕೇಳುವಷ್ಟು ಹತ್ತಿರ. ಬೆಳಿಗ್ಗೆ ಹಲ್ಲುಜ್ಜುವಾಗ ವಾಂತಿ ಬರಲು ಶುರುವಾದಾಗ ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಟ್ಟಲೆ ಜೀರಿಗೆ ನೀರು ಕುಡಿದೆ. ಕಾಲು ಬಾತು ಚಪ್ಪಲಿ ಹಿಡಿಯದಾದಾಗ, ಐಸ್ ಪ್ಲಾಂಟಿನ ಥಂಡಿ ನೆಲದ ಮೇಲೆ ಓಡಾಡಿದರೆ ಇನ್ನೇನಾಗುತ್ತದೆ ಎಂದುಕೊಂಡೆ. ಕೊನೆಗೆ ಒಂದು ದಿನ ಆಫೀಸಿನ ಮೆಟ್ಟಿಲಲ್ಲಿ ಉಸಿರು ಸಿಗದೆ ಕೂತುಬಿಟ್ಟೆ. ಆಸ್ಪತ್ರೆಯಲ್ಲಿ ನನ್ನ ಬಿ.ಪಿ. ನೋಡಿದ ನರ್ಸು ಮತ್ತೊಮ್ಮೆ ನೋಡಿದಳು. ಆಮೇಲೆ ಹೋಗಿ ಬೇರೆ ಮಿಷನ್ ತಂದು ನೋಡಿದಳು. ಅವಳ ಮುಖ ಕಂಡಾಗಲೇ ನನಗೆ ಅರ್ಧ ಗೊತ್ತಾಗಿತ್ತು.

"ಇಷ್ಟು ದಿನ ಎಲ್ಲಿದ್ರಿ?" ಎಂದು ಡಾಕ್ಟರರು ಕೇಳಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಆಫೀಸಿನಲ್ಲಿದ್ದೆ" ಎಂದೆ.

ಸಮುದ್ರದಲ್ಲಿ ಎಂಥೆಂಥ ಗಾಳಿ ಕಂಡಿದ್ದ ನನ್ನ ಗಂಡ ಕಾರಿಡಾರಿನಲ್ಲಿ ಡಾಕ್ಟರರ ಹಿಂದೆಯೇ ಹೋಗಿ, "ಇದು ಮಾತ್ರೆಯಲ್ಲಿ ಹೋಗ್ತದಲ್ಲ ಡಾಕ್ಟ್ರೇ?" ಎಂದು ಕೇಳಿದ್ದು ನನಗೆ ಕೇಳಿಸಿತು. ಉತ್ತರ ಕೇಳಿಸಲಿಲ್ಲ. ಮುಖ ತೊಳೆದು ಬರುತ್ತೇನೆ ಎಂದು ಹೋದವರು ಬಹಳ ಹೊತ್ತು ವಾಪಸ್ ಬರಲಿಲ್ಲ.

ಆಮೇಲೆ ವಾರಕ್ಕೆ ಮೂರು ದಿನ, ಒಮ್ಮೆಗೆ ನಾಲ್ಕು ಗಂಟೆ, ಹಂಪನಕಟ್ಟೆಯ ಹತ್ತಿರದ ಆ ಆಸ್ಪತ್ರೆಯಲ್ಲಿ ಮಿಷನ್ನಿನ ಪಕ್ಕ ಮಲಗುವುದೇ ನನ್ನ ಉದ್ಯೋಗವಾಯಿತು. ಮೊದಲ ದಿನ ನನ್ನ ರಕ್ತ ನಳಿಕೆಯಲ್ಲಿ ಹೊರಗೆ ಹೋಗುವುದನ್ನು ಕಂಡು ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದ ಮಂಚದಿಂದ ಯಾರೋ ತುಳುವಿನಲ್ಲಿ ಹೇಳಿದರು, "ನೋಡ್ಬೇಡ ಮಾರಾಯ್ತಿ. ನೋಡಿದ್ರೆ ಅದು ಬೇಗ ಓಡ್ತದಾ? ಇಲ್ಲ."

ಅವರೇ ಮೈಮೂನಕ್ಕ. ವಾಮಂಜೂರಿನವರು, ಬ್ಯಾರಿ ಮುಸ್ಲಿಮರು, ನನಗಿಂತ ಏಳೆಂಟು ವರ್ಷ ದೊಡ್ಡವರು. ನಾವಿಬ್ಬರೂ ಯಾವಾಗಲೂ ತುಳುವಿನಲ್ಲೇ ಮಾತಾಡುತ್ತಿದ್ದೆವು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಗಂಡ ಜಂಕ್ಷನ್ನಿನಲ್ಲಿ ಒಂದು ಸಣ್ಣ ಬೇಕರಿ ಇಟ್ಟಿದ್ದರು. ಅವರು ತೀರಿಹೋದ ಮೇಲೆ ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಮಗ ಶಾರ್ಜಾದಲ್ಲಿ, ಮಗಳು ನಸೀಮಾ ಜೊತೆಗೆ. ನನ್ನ ಕಿಡ್ನಿ ತಿಂದದ್ದು ಬಿ.ಪಿ., ಅವರದ್ದು ಸಕ್ಕರೆ ಕಾಯಿಲೆ. "ಬೇಕರಿಯವನನ್ನು ಮದುವೆ ಆದ್ರೆ ಇನ್ನೆಂತ ಆಗ್ತದೆ?" ಎಂದು ಅವರೇ ನಗುತ್ತಿದ್ದರು.

ಆ ಕೋಣೆಯಲ್ಲಿ ಎಲ್ಲಿಯೂ ಬರೆದಿಡದ ಒಂದು ಪದ್ಧತಿ ಇತ್ತು. ನಮಗೆ ಬಾಳೆಹಣ್ಣು ಬೇಡ, ಬೊಂಡ, ಎಂದರೆ ಎಳನೀರು, ಬೇಡ, ಟೊಮೆಟೊ ಬೇಡ, ಖರ್ಜೂರ ಬೇಡ. ಪೊಟ್ಯಾಶಿಯಂ ಇರುವುದೆಲ್ಲ ಬೇಡ, ಅದು ಏರಿದರೆ ಹೃದಯವೇ ನಿಲ್ಲಬಹುದು. ಆದರೆ ಮಿಷನ್ ಶುರುವಾದ ಮೊದಲ ಗಂಟೆಯಲ್ಲಿ ಒಂದು ಚೂರು ತಿಂದರೆ ಉಳಿದ ಮೂರು ಗಂಟೆಯಲ್ಲಿ ಮಿಷನ್ ಅದನ್ನು ತೊಳೆದುಹಾಕುತ್ತದೆ ಎಂಬುದು ನಮ್ಮ ಲೆಕ್ಕ. ಹಾಗಾಗಿ ಆಸೆಪಟ್ಟದ್ದನ್ನೆಲ್ಲ ಆ ಗಂಟೆಗೆ ಕಾದಿಟ್ಟುಕೊಳ್ಳುತ್ತಿದ್ದೆವು. ಒಬ್ಬರ ಡಬ್ಬಿಯಲ್ಲಿ ಮಾವಿನ ಹೋಳು, ಇನ್ನೊಬ್ಬರದ್ದರಲ್ಲಿ ಬಾಳೆಹಣ್ಣು ಹಾಕಿ ಕರಿದ ಅರ್ಧ ಬನ್ಸ್. ಫಿಲೋಮಿನಾ ಸಿಸ್ಟರ್ ಬಂದು ತುಂಡಿನ ಗಾತ್ರ ನೋಡಿ, ದೊಡ್ಡದಿದ್ದರೆ ತಾವೇ ಅರ್ಧ ಮುರಿದು ಬದಿಗಿಡುತ್ತಿದ್ದರು. ಡಾಕ್ಟರರು ಆ ಹೊತ್ತಿಗೆ ರೌಂಡ್ಸ್ ಬಂದರೆ ಕಿಟಕಿಯ ಕಡೆ ನೋಡುತ್ತಿದ್ದರು. ಎಲ್ಲ ಆಸ್ಪತ್ರೆಯಲ್ಲಿ ಇದನ್ನು ಬಿಡುವುದಿಲ್ಲ, ಎಲ್ಲರ ದೇಹಕ್ಕೂ ಆಗುವುದಿಲ್ಲ. ನಾನು ಬರೆದಿದ್ದೇನೆಂದು ದಯವಿಟ್ಟು ಯಾರೂ ಕೇಳದೆ ತಿನ್ನಬೇಡಿ.

ಮೈಮೂನಕ್ಕ ತರುತ್ತಿದ್ದದ್ದು ಒಂದು ಖರ್ಜೂರ. ರಂಜಾನಿನಲ್ಲಿ ಉಪವಾಸ ಹಿಡಿಯಬಾರದು ಎಂದು ಡಾಕ್ಟರರು ಹೇಳಿದ ದಿನ ಅವರು ಮಗುವಿನ ಹಾಗೆ ಅತ್ತಿದ್ದರು. ಅಂದಿನಿಂದ ಮಿಷನ್ನಿಗೆ ಬರುವಾಗ ಕರವಸ್ತ್ರದಲ್ಲಿ ಒಂದು ಖರ್ಜೂರ ಸುತ್ತಿಕೊಂಡು ಬರುತ್ತಿದ್ದರು. ನಾನು ನನ್ನ ಡಬ್ಬಿ ತೆರೆದು ಏನಾದರೂ ಬಾಯಿಗೆ ಹಾಕುವವರೆಗೆ ಅವರು ಮುಟ್ಟುತ್ತಿರಲಿಲ್ಲ. ಪಕ್ಕದಲ್ಲೊಬ್ಬಳು ಸುಮ್ಮನೆ ಮಲಗಿರುವಾಗ ತನಗೆ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದರು. ನಾನು ತಿಂದ ಮೇಲೆ ಬಿಸ್ಮಿಲ್ಲಾ ಎಂದು ಖರ್ಜೂರವನ್ನು ಚೂರು ಚೂರಾಗಿ ಕಚ್ಚಿ ತಿಂದು, ಬೀಜವನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದರು. ವಾರದ ಮೂರು ದಿನ ನಾನು ಇದನ್ನು ನೋಡಿದ್ದೇನೆ. ನೆನಪಿಡಿ, ಯಾಕೆಂದರೆ ನಾನು ಮರೆತೆ.

ನನಗೆ ಕಿಡ್ನಿ ಕೊಟ್ಟದ್ದು ಜಲಜಕ್ಕ, ನನ್ನ ಒಡಹುಟ್ಟಿದವಳು. ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಡಾಕ್ಟರರು ಅವಳನ್ನು ಕೂರಿಸಿ ಸಾಧಕ ಬಾಧಕಗಳನ್ನೆಲ್ಲ ವಿವರಿಸುತ್ತಿದ್ದಾಗ ಅರ್ಧದಲ್ಲೇ ತಡೆದು, "ಎರಡು ಉಂಟಲ್ಲ, ಒಂದು ಅವಳಿಗೆ ಕೊಡಿ. ಚರ್ಚೆ ಎಂತಕ್ಕೆ?" ಎಂದಳು. ಆಪರೇಶನ್ ನಿಶ್ಚಯವಾದ ದಿನ ನಾನು ಮೈಮೂನಕ್ಕನಿಗೆ ಹೇಳಿದೆ. ಅವರು "ಅಲ್ಹಮ್ದುಲಿಲ್ಲಾ" ಎಂದು ನನ್ನ ಕೈ ಒತ್ತಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಹೃದಯ ದುರ್ಬಲವಾಗಿತ್ತು. ಯಾರು ಕೊಡಲು ಬಂದರೂ ಅವರಿಗೆ ಹೊಸ ಕಿಡ್ನಿ ಹಾಕುವಂತಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಕ್ಕನ ಕಿಡ್ನಿ ಮೊದಲ ದಿನವೇ ಕೆಲಸ ಮಾಡಿತು. ಮನೆಗೆ ಬಂದ ಮೇಲೆ ಒಂದು ದೊಡ್ಡ ಲೋಟ ನೀರನ್ನು ಅಳತೆಯಿಲ್ಲದೆ ಕುಡಿದು ಅಡುಗೆಮನೆಯಲ್ಲೇ ಕೂತು ಅತ್ತೆ. ಆದರೆ ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲು ಕೊಡುವ ಮಾತ್ರೆಗಳಿಂದ ಕೆಲವೇ ತಿಂಗಳಲ್ಲಿ ನನಗೂ ಸಕ್ಕರೆ ಕಾಯಿಲೆ ಅಂಟಿಕೊಂಡಿತು. "ಒಂದು ಕೊಟ್ಟು ಒಂದು ತಗೊಂಡ್ರು" ಎಂದು ಜಲಜಕ್ಕ ಶಾಪ ಹಾಕಿದಳು. ಬಾಳೆಹಣ್ಣು ತಿನ್ನಬಹುದು, ಬೊಂಡ ಕುಡಿಯಬಹುದು, ಆದರೆ ಬೆಲ್ಲ, ಸಕ್ಕರೆ ಬೇಡ. ಒಂದು ಪಟ್ಟಿ ಹೋಗಿ ಇನ್ನೊಂದು ಪಟ್ಟಿ ಬಂತು. ನಾನು ಹಠದವಳು. ಸಕ್ಕರೆ ಹಾಕದೆ ಕೇಕು ಮಾಡುವುದನ್ನು ಕಲಿತೇ ತೀರುತ್ತೇನೆಂದು ಕೂತೆ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ರಬ್ಬರು, ಸೀಟಿ ತೆಗೆದು, ಒಳಗೆ ಪಾತ್ರೆಯಿಟ್ಟು ಬೇಯಿಸುವುದು. ಮೊದಲನೆಯದು ನಡುವಿನಲ್ಲಿ ಕುಸಿದು ಹೋಯಿತು, ಎರಡನೆಯದು ಹೊರಗೆ ಕರಟಿ ಒಳಗೆ ಹಸಿಯಾಗಿತ್ತು. ಆಮೇಲೆ ಕೈ ಪಳಗಿತು. ನೆಂಟರೆಲ್ಲ ಹೊಗಳಿದರು. ನನಗೂ ಸ್ವಲ್ಪ ಜಂಬ ಬಂತು.

ಮೈಮೂನಕ್ಕನ ಜೊತೆ ಫೋನು ಮಾತ್ರ ನಡೆಯುತ್ತಿತ್ತು. ನನಗೆ ಸೋಂಕು ತಾಗಬಾರದೆಂದು ಆಸ್ಪತ್ರೆ, ಬಸ್ಸು, ಮದುವೆ ಎಲ್ಲದಕ್ಕೂ ತಡೆ. ನಡುವೆ ಅವರ ಕಾಲಿನ ಎರಡು ಬೆರಳು ತೆಗೆದರು. ಹೃದಯ ಇನ್ನಷ್ಟು ಸೋತಿತು. ಫೋನಿನಲ್ಲಿ ಅವರು ಅದನ್ನೆಲ್ಲ ಹೇಳುತ್ತಿರಲಿಲ್ಲ, ಜಲಜಕ್ಕನ ಆರೋಗ್ಯ ಕೇಳುತ್ತಿದ್ದರು. ನಾನೂ ಕೆದಕಿ ಕೇಳಲಿಲ್ಲ.

ಒಂದು ಬೆಳಿಗ್ಗೆ ನಸೀಮಾ ಫೋನು ಮಾಡಿದಳು. "ವನಜಾಂಟಿ, ಉಮ್ಮ ಎರಡು ಸಲ ಮಿಷನ್ನಿಗೆ ಹೋಗ್ಲಿಲ್ಲ. ಆಸ್ಪತ್ರೆಯ ಗಾಡಿ ಬಂದು ವಾಪಸ್ ಹೋಯ್ತು. 'ಯಾವು' ಅಂತ ಹೇಳ್ತಾರೆ, ಅಷ್ಟೇ."

ಯಾವು ಎಂದರೆ ತುಳುವಿನಲ್ಲಿ ಸಾಕು. ಊಟಕ್ಕೆ ಕೂತವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಹೇಳುವ ಮಾತು.

"ಅಣ್ಣ ಫೋನಿನಲ್ಲಿ ಬೊಬ್ಬೆ ಹಾಕಿ ಆಯ್ತು, ನಾನು ಅತ್ತು ಆಯ್ತು. ನೀವೊಮ್ಮೆ ಬಂದು ಹೇಳಿ ಆಂಟಿ. ನೀವು ಹೇಳಿದ್ರೆ ಕೇಳ್ತಾರೆ."

"ತಿನ್ಲಿಕ್ಕೆ ಎಂತಾದ್ರೂ ಕೇಳ್ತಾರಾ?"

"ಮೊನ್ನೆ ಕೇಕು ಅಂತ ಹೇಳಿದ್ರು. ಅಬ್ಬನ ಬೇಕರಿಯ ಹಾಗಿನ ಕೇಕು. ಶುಗರ್ ಉಂಟಲ್ಲ, ನಾನು ಎಲ್ಲಿಂದ ಕೊಡ್ಲಿ?"

"ಶುಗರಿನ ಮಂಡೆಬಿಸಿ ನಿನಗೆ ಬೇಡ. ನಾನು ಮಾಡಿ ತರ್ತೇನೆ" ಎಂದೆ.

ಅವತ್ತು ನಾನು ಕೇಕು ಮಾಡಿದ್ದು ಪೂಜೆಗೆ ಕೂತವರ ಹಾಗೆ. ರಾಗಿ ಹಿಟ್ಟನ್ನು ಎರಡು ಸಲ ಜರಡಿ ಹಿಡಿದೆ. ಬಾದಾಮಿಯನ್ನು ಮನೆಯಲ್ಲೇ ಪುಡಿ ಮಾಡಿದೆ. ಸಕ್ಕರೆಯ ಬದಲಿಗೆ ಖರ್ಜೂರವನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿದೆ. ಮೊಸರು, ಮೊಟ್ಟೆ, ಬಣ್ಣಕ್ಕೂ ಪರಿಮಳಕ್ಕೂ ಕೋಕೋ. ಕುಕ್ಕರಿನ ಎದುರು ನಿಂತುಕೊಂಡು, ಮೈಮೂನಕ್ಕನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮಗನ ಮುಖ ನೋಡಿ ಅನ್ನಬೇಕು, ನಸೀಮಾಳ ಮದುವೆ ಆಗಬೇಡವಾ ಅನ್ನಬೇಕು, ನನಗಾಗಿ ಅನ್ನಬೇಕು. ಹೇಗಾದರೂ ಮಾಡಿ ಅವರನ್ನು ಮತ್ತೆ ಆ ಮಂಚಕ್ಕೆ ಕಳಿಸಬೇಕು. ಇಲ್ಲದಿದ್ದರೆ ಇನ್ನು ಹೆಚ್ಚು ದಿನವಿಲ್ಲವೆಂದು ನನಗೆ ಗೊತ್ತಿತ್ತು.

"ನೀನು ಅಲ್ಲಿಗೆ ಹೋಗ್ಬಹುದಾ? ಜನ ಸೇರುವಲ್ಲಿ ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ" ಎಂದು ಗಂಡ ಬಾಗಿಲಲ್ಲಿ ನಿಂತು ಕೇಳಿದರು.

"ಮೈಮೂನಕ್ಕನ ಮನೆ ಎಂತ ಮೀನು ಮಾರ್ಕೆಟಾ?" ಎಂದು ಗದರಿಸಿದೆ. ಅವರು ಆಟೋ ಕರೆದು ತಂದರು, ತಾವೂ ಪಕ್ಕದಲ್ಲಿ ಕೂತರು.

ಮೈಮೂನಕ್ಕನದ್ದು ಮಗ ಕಟ್ಟಿಸಿದ ಹೊಸ ಮನೆ. ಹಿಂದೆ ಉಳಿದಿದ್ದ ಒಂದು ತುಂಡು ಗದ್ದೆಯಲ್ಲಿ ಕೊಕ್ಕರೆಗಳಿದ್ದವು. ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಮೈಮೂನಕ್ಕನನ್ನು ಕಂಡು ನನ್ನ ಕಾಲು ತಡೆಯಿತು. ಮುಖ ಬಾತು ಕಣ್ಣು ಸಣ್ಣದಾಗಿತ್ತು. ಎರಡು ದಿಂಬಿಗೆ ಒರಗಿದ್ದರೂ ಉಸಿರು ಮೇಲೆಮೇಲೆ ಬರುತ್ತಿತ್ತು. ನಾನು ಮಾಸ್ಕನ್ನು ಮೂಗಿನವರೆಗೆ ಎಳೆದುಕೊಂಡು ಹತ್ತಿರ ಹೋದೆ.

"ಬಂದ್ಯಾ? ದೂರ ಕೂತ್ಕೋ. ನನ್ನದು ಎಂತಾದ್ರೂ ನಿನಗೆ ತಾಗಿದ್ರೆ ನಿನ್ನ ಅಕ್ಕ ನನ್ನನ್ನು ಬಿಡ್ಲಿಕ್ಕಿಲ್ಲ" ಎಂದರು.

ನಾನು ಡಬ್ಬಿಯ ಮುಚ್ಚಳ ತೆಗೆದೆ. ಬೇಕರಿಯವರ ಹೆಂಡತಿಯಲ್ಲವೇ, ಅವರ ಮುಖ ಅರಳಿತು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಮೂಸಿದರು. "ಒಳ್ಳೆ ಉಬ್ಬಿದೆ. ಎಂತೆಂತ ಹಾಕಿದ್ದೀ?"

"ಸಕ್ಕರೆ ಒಂದು ಚಮಚವೂ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದೆ.

"ಅದು ಗೊತ್ತಾಗ್ತದೆ. ರಾಗಿ. ಬಾದಾಮಿ. ಕೋಕೋ." ಒಂದೊಂದನ್ನೇ ಹೇಳುತ್ತಾ ಬೆರಳು ಮಡಿಸಿದರು. "ಮೊಸರು ಉಂಟಾ? ಉಂಟು. ಮತ್ತೆ ಖರ್ಜೂರ. ಖರ್ಜೂರ ಸುಮಾರು ಉಂಟು."

ಅವರ ಬೆರಳುಗಳನ್ನು ನೋಡುತ್ತಿದ್ದ ಹಾಗೆಯೇ ನನಗೆ ಹೊಳೆಯಿತು. ಅವರು ಹೇಳುತ್ತಿದ್ದದ್ದು ನಮ್ಮ ಹಳೆಯ ಪಟ್ಟಿ, ಪೊಟ್ಯಾಶಿಯಂ ಇದೆಯೆಂದು ನಮಗೆ ಬೇಡವೆಂದಿದ್ದ ಪದಾರ್ಥಗಳ ಪಟ್ಟಿ. ಒಂದನ್ನೂ ಬಿಡದೆ ಎಲ್ಲವನ್ನೂ ಆರಿಸಿ ಆರಿಸಿ ಹಾಕಿದವಳ ಹಾಗೆ ನಾನು ಕೇಕು ಮಾಡಿ ತಂದಿದ್ದೆ. ಎರಡು ಸರದಿ ತಪ್ಪಿಸಿದವರು ಅದರ ಎರಡು ತುಂಡು ತಿಂದಿದ್ದರೆ ಸಂಜೆಯೊಳಗೆ ಹೃದಯ ನಿಲ್ಲಬಹುದಿತ್ತು. ಸಕ್ಕರೆ, ಸಕ್ಕರೆ ಎಂದು ಜಪಿಸುತ್ತಾ ಕಿಡ್ನಿಯನ್ನೇ ಮರೆತಿದ್ದೆ. ವರ್ಷಗಟ್ಟಲೆ ಆ ಪಟ್ಟಿ ನೋಡಿಕೊಂಡೇ ಉಂಡಿದ್ದ ನಾನು, ಅವರ ಖರ್ಜೂರದ ಬೀಜವನ್ನು ಕಂಡಿದ್ದ ನಾನು.

ನಸೀಮಾ ಡಬ್ಬಿಯನ್ನು ಎತ್ತಿಕೊಂಡು ಹೋಗಲು ಕೈ ಹಾಕಿದಳು. ನಾನು ಏನೋ ಹೇಳಹೋದೆ, ಅಳು ಬಂತು. ಮಾಸ್ಕ್ ಒದ್ದೆಯಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಇರ್ಲಿ, ತೆಗಿಬೇಡ" ಎಂದು ಮೈಮೂನಕ್ಕ ಮಗಳ ಕೈ ಸರಿಸಿದರು. ಮತ್ತೆ ನನ್ನನ್ನೇ ನೋಡಿದರು. "ನೀನು ಮರ್ತಿದ್ದೀ" ಎಂದರು.

"ತಪ್ಪಾಯ್ತು ಮೈಮೂನಕ್ಕ."

"ತಪ್ಪಲ್ಲ ಮಾರಾಯ್ತಿ. ಮರೀಲಿಕ್ಕೆ ಆಗ್ತದೆ ಅಂತಾಯ್ತಲ್ಲ. ಅಷ್ಟು ದೂರ ಹೋಗ್ಲಿಕ್ಕೆ ಆಗ್ತದೆ ಅಂತ." ಉಸಿರಿಗಾಗಿ ನಿಂತು, ಮುಂದುವರಿಸಿದರು. "ನಿನ್ನ ಆಪರೇಶನ್ ಅಂತ ಹೇಳಿದ ದಿನ ನಾನು ಗೋಡೆಗೆ ತಿರುಗಿ ಮಲಗಿದೆ, ನೀನು ನೋಡಿದ್ದೀ. ಹೊಟ್ಟೆಕಿಚ್ಚು. ಅಲ್ಲಾಹನ ಹತ್ರ ಕ್ಷಮೆ ಕೇಳಿದ್ದೇನೆ, ನಿನ್ನ ಹತ್ರ ಕೇಳಿರ್ಲಿಲ್ಲ. ಆಮೇಲೆ ದಿನಾ ದುವಾ ಮಾಡಿದೆ, ಆ ಹುಡುಗಿಗೆ ಇನ್ನು ಈ ಕೋಣೆ ನೆನಪಾಗದೇ ಇರ್ಲಿ ಅಂತ. ಈಗ ನೋಡು."

ನಾನು ದೂರ ಕೂರಲಿಲ್ಲ. ಎದ್ದು ಹೋಗಿ ಅವರ ಕಾಲಬುಡದಲ್ಲಿ, ಬ್ಯಾಂಡೇಜು ಕಟ್ಟಿದ್ದ ಕಾಲಿನ ಪಕ್ಕ ಕೂತೆ. ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಬಂದಿದ್ದರೂ ಹೇಳುವ ಮುಖವಿರಲಿಲ್ಲ. ನಸೀಮಾ ನನಗೂ ನನ್ನ ಗಂಡನಿಗೂ ಚಹಾ ತಂದುಕೊಟ್ಟಳು.

ಮೈಮೂನಕ್ಕನ ಕಣ್ಣು ಮತ್ತೆ ಕೇಕಿನ ಮೇಲೆ ಹೋಯಿತು. "ನಮ್ಮ ಬೇಕರಿಯಲ್ಲಿ ಬೆಳಿಗ್ಗೆ ಟ್ರೇ ಹೊರಗೆ ತೆಗೆಯುವಾಗ ಇದೇ ಪರಿಮಳ" ಎಂದರು. ಸ್ವಲ್ಪ ಹೊತ್ತಿನ ಮೇಲೆ, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ, "ಇದನ್ನು ಹೀಗೇ ತಿನ್ಲಿಕ್ಕೆ ಆಗುದಿಲ್ಲ. ಮೊದಲ ಗಂಟೆಯಲ್ಲಿ ಆದ್ರೆ ಒಂದು ಚೂರು ಆಗ್ತದೆ."

ನಾನೂ ನಸೀಮಾಳೂ ಮುಖ ಮುಖ ನೋಡಿಕೊಂಡೆವು.

"ನಾಳೆ ಗಾಡಿ ಬರ್ತದಾ?" ಎಂದು ಮೈಮೂನಕ್ಕ ಮಗಳನ್ನು ಕೇಳಿದರು.

ಮರುದಿನ ನಾನೂ ಆಸ್ಪತ್ರೆಗೆ ಹೋದೆ. ಗಂಡನಿಗೆ ಹೇಳಿದೆ, ನನ್ನ ಆಪರೇಶನ್ನಿನ ಡಾಕ್ಟರರಿಗೆ ಹೇಳಲಿಲ್ಲ. ಫಿಲೋಮಿನಾ ಸಿಸ್ಟರ್ ನನ್ನನ್ನು ಬಾಗಿಲಲ್ಲೇ ತಡೆದರು. "ಹೊಸ ಕಿಡ್ನಿ ಇಟ್ಕೊಂಡು ಒಳಗೆ ಬರ್ಬೇಡಿ. ಹೊರಗೆ ಕೂತ್ಕೊಳ್ಳಿ, ಗ್ಲಾಸಿನಲ್ಲಿ ಕಾಣ್ತದೆ." ಅಷ್ಟು ವರ್ಷ ಆ ಬಾಗಿಲು ದಾಟಿ ಒಳಗೆ ಹೋಗಿದ್ದವಳು ಮೊದಲ ಬಾರಿಗೆ ಹೊರಗಿನ ಕುರ್ಚಿಯಲ್ಲಿ ಕೂತೆ. ಕುರ್ಚಿಗೆ ಕೈಯಿಲ್ಲ, ಒರಗಿದರೆ ಗೋಡೆಯ ತಣುಪು ಬೆನ್ನಿಗೆ ಹತ್ತುತ್ತದೆ. ಯಾರಿಗೂ ಊಟದ ಪರಿವೆ ಇಲ್ಲ. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಾರೆ. ನನ್ನ ಗಂಡ ಅಷ್ಟು ಕಾಲ ಎಲ್ಲಿ ಕೂತಿದ್ದರೆಂದು ನನಗೆ ಅವತ್ತು ತಿಳಿಯಿತು. "ಬಿಸಿ ಚಹಾ ಕುಡಿದು ಆರಾಮ ಇದ್ದೆ" ಎಂದೇ ಅವರು ಯಾವಾಗಲೂ ಹೇಳುತ್ತಿದ್ದದ್ದು.

ಆ ದಿನ ಡಾಕ್ಟರರು ಕೇಕಿಗೆ ಒಪ್ಪಲಿಲ್ಲ. ರಕ್ತದ ರಿಪೋರ್ಟು ಬಹಳ ಕೆಟ್ಟದಾಗಿತ್ತು. "ಮುಂದಿನ ಸರದಿಗೆ ಬಂದ್ರೆ ನೋಡುವ" ಎಂದರು. ಮೈಮೂನಕ್ಕ ವಾದ ಮಾಡಲಿಲ್ಲ. ಮುಂದಿನ ಸರದಿಗೆ ಗಾಡಿ ಬಂದಾಗ ತಾವೇ ಬುರ್ಖಾ ಕೇಳಿ ಹಾಕಿಸಿಕೊಂಡರಂತೆ. ಆ ದಿನ ರಿಪೋರ್ಟು ನೋಡಿದ ಡಾಕ್ಟರರು ನಸೀಮಾಳನ್ನು ಕಾರಿಡಾರಿನ ತುದಿಗೆ ಕರೆದುಕೊಂಡು ಹೋಗಿ ಮಾತಾಡಿದರು. ಅವಳು ನನ್ನ ಹತ್ತಿರ ಬಂದು, "ಕೊಡ್ಬಹುದಂತೆ ಆಂಟಿ. ಇನ್ನು ಉಮ್ಮನಿಗೆ ಆಸೆ ಆದದ್ದು ಸ್ವಲ್ಪ ಸ್ವಲ್ಪ ಕೊಡಿ ಅಂತ ಹೇಳಿದ್ರು" ಎಂದಳು. ಅವಳ ಮುಖದಲ್ಲಿ ಸಂತೋಷವಿತ್ತು.

ನನಗೆ ಸಂತೋಷವಾಗಲಿಲ್ಲ. ಎಲ್ಲದಕ್ಕೂ ಬೇಡ ಎನ್ನುವ ಡಾಕ್ಟರರು ಕೊಡಿ ಎಂದರೆ ಅದರ ಅರ್ಥವೇನೆಂದು ಆ ಕೋಣೆಯಲ್ಲಿ ಮಲಗಿದ್ದ ನಮಗೆಲ್ಲ ಗೊತ್ತು. ನನ್ನ ಎದುರಿನ ಮಂಚದಲ್ಲಿದ್ದ ಮುದುಕರೊಬ್ಬರಿಗೆ ಹೀಗೇ ಹೇಳಿದ್ದರು. ನಸೀಮಾಳಿಗೆ ನಾನು ಅದನ್ನು ಹೇಳಲಿಲ್ಲ. "ಆಯ್ತು ಮಗ, ಕೊಡುವ" ಎಂದೆ. ಹೊಸದಾಗಿ ಮಾಡಿ ತಂದಿದ್ದ ಕೇಕಿನಿಂದ ಬೆರಳಿನ ಗಾತ್ರದ ಒಂದು ತುಂಡು ಕತ್ತರಿಸಿ ಸಿಸ್ಟರ್ ಕೈಗೆ ಕೊಟ್ಟೆ.

ಗಾಜಿನಿಂದ ನೋಡುತ್ತಾ ನಿಂತೆ. ಮೈಮೂನಕ್ಕ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ತಿನ್ನದೆ ನನ್ನ ಕಡೆ ನೋಡಿದರು. ನೀನು ತಿನ್ನು ಎಂದು ಗಲ್ಲ ಅಲ್ಲಾಡಿಸಿದರು. ಸಿಸ್ಟರ್ ಏನೋ ಹೇಳಿದರೂ ಕೇಳಲಿಲ್ಲ. ನಾನು ಡಬ್ಬಿಯಿಂದ ಒಂದು ಚೂರು ತೆಗೆದು, ಮಾಸ್ಕ್ ಸರಿಸಿ, ಬಾಯಿಗೆ ಹಾಕಿಕೊಂಡೆ. ಆಗ ಅವರ ತುಟಿ ಬಿಸ್ಮಿಲ್ಲಾ ಎಂದು ಅಲುಗಿತು. ಅವರು ತಿನ್ನುವಷ್ಟು ಹೊತ್ತು ನಾನು ನನ್ನದನ್ನು ಬಾಯಲ್ಲೇ ಇಟ್ಟುಕೊಂಡೆ.

ಆಮೇಲೆ ಸುಮಾರು ದಿನ ಹೀಗೇ ನಡೆಯಿತು. ನಾನು ಎಲ್ಲ ಸರದಿಗೂ ಹೋಗಲಿಲ್ಲ, ಅಲ್ಲಿ ಹೋಗಿ ಕೂರುವುದು ನನ್ನ ಡಾಕ್ಟರರಿಗೆ ಗೊತ್ತಾಗಿ ಚೆನ್ನಾಗಿ ಬೈಸಿಕೊಂಡೆ. ಆದರೆ ಹಿಂದಿನ ಸಂಜೆ ಕೇಕು ಮಾಡಿ ಗಂಡನ ಕೈಯಲ್ಲಿ ಕಳಿಸುತ್ತಿದ್ದೆ. ಅವರು ಏಲಂ ಮುಗಿಸಿ, ಮೈ ತೊಳೆದು, ಶರ್ಟು ಬದಲಿಸಿ ಡಬ್ಬಿ ಹಿಡಿದುಕೊಂಡು ಹೋಗುತ್ತಿದ್ದರು. ಸಿಸ್ಟರ್ ಒಂದು ಚೂರು ಒಳಗೆ ಕೊಟ್ಟು ಉಳಿದದ್ದನ್ನು ಹೊರಗೆ ಕೂತವರಿಗೆ ಹಂಚುತ್ತಿದ್ದರಂತೆ. ಶಾರ್ಜಾದಿಂದ ಮಗನೂ ರಜೆ ಹಾಕಿ ಬಂದ. ಉಮ್ಮ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಫೋನಿನಲ್ಲಿ ಹೇಳಿದ. ನನಗೂ ಹಾಗೇ ನಂಬಬೇಕು ಅನ್ನಿಸಿತು. ನಂಬಿದೆ.

ಒಂದು ಮಧ್ಯಾಹ್ನ ಮೈಮೂನಕ್ಕನದ್ದೇ ಫೋನು ಬಂತು. ಅವರು ತಾವಾಗಿ ಫೋನು ಮಾಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

"ವನಜ, ನಾಳೆಗೆ ಕೇಕು ಮಾಡ್ಬೇಡ" ಎಂದರು.

"ಯಾಕೆ, ಬೇರೆ ಎಂತಾದ್ರೂ ಬೇಕಾ?"

"ಇಲ್ಲ. ಮಾಡ್ಬೇಡ, ಅಷ್ಟೇ. ಇನ್ನು ಮಾಡ್ಬೇಡ."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಗ್ಯಾಸ್ ಆರಿಸಿದೆ. ಏನು ಕೇಳಬೇಕೋ ಗೊತ್ತಾಗಲಿಲ್ಲ. ಗೊತ್ತಾಗಿತ್ತು, ಆದರೆ ಕೇಳಲು ಧೈರ್ಯವಿರಲಿಲ್ಲ. ಅವರೇ ಹೇಳಿದರು, "ಮಗನನ್ನು ನೋಡಿ ಆಯ್ತು. ಮಿಷನ್ನಿನಲ್ಲಿ ಈಗ ನನಗೆ ಚಳಿ ಮಾತ್ರ ಆಗುದು. ತಿಂದದ್ದರ ರುಚಿಯೂ ಗೊತ್ತಾಗುದಿಲ್ಲ. ನೀನು ಮಂಡೆಬಿಸಿ ಮಾಡ್ಬೇಡ."

ಸಂಜೆಯಾಗುವುದರೊಳಗೆ ಅವರ ಮಗ ಫೋನು ಮಾಡಿದ. "ಆಂಟಿ, ಮೊದಲು ನೀವು ಕೇಕು ತಂದದ್ದಕ್ಕೆ ಉಮ್ಮ ಮಿಷನ್ನಿಗೆ ಹೋದ್ರಲ್ಲ? ಇನ್ನೊಮ್ಮೆ ಮಾಡಿ ತನ್ನಿ. ನಿಮ್ಮ ಮಾತು ಮೀರುದಿಲ್ಲ ಉಮ್ಮ. ನಿಮ್ಮ ದಮ್ಮಯ್ಯ."

ಕಪಾಟಿನಲ್ಲಿ ರಾಗಿ ಹಿಟ್ಟಿತ್ತು, ಬಾದಾಮಿ ಇತ್ತು. ಅರ್ಧ ಗಂಟೆಯಲ್ಲಿ ಕುಕ್ಕರ್ ಏರಿಸಬಹುದಿತ್ತು. ನಾನು ತೆಗೆದುಕೊಂಡು ಹೋಗಿ ಎದುರಿಗೆ ಹಿಡಿದರೆ, ನನ್ನ ಮನಸ್ಸಿಗೆ ನೋವಾಗಬಾರದೆಂದು ಮೈಮೂನಕ್ಕ ಇನ್ನೊಂದು ಸಲ, ಇನ್ನೆರಡು ಸಲ ಆ ಮಂಚಕ್ಕೆ ಹೋಗುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೋಗಲಿ ಎಂದು ನನಗೆ ಆಸೆಯೂ ಇತ್ತು. ಜೀವಂತ ಇರಲಿ, ಹೇಗಾದರೂ ಇರಲಿ ಎಂಬ ಆಸೆ. ಅದನ್ನು ಮುಚ್ಚಿಡುವುದಿಲ್ಲ.

"ಇಲ್ಲ ಮಗ. ನಾನು ಬರ್ತೇನೆ, ಕೇಕು ತರುದಿಲ್ಲ" ಎಂದೆ.

ಅವನು ಫೋನು ಇಟ್ಟುಬಿಟ್ಟ. ಅವನಿಗೆ ನನ್ನ ಮೇಲೆ ಸಿಟ್ಟು ಬಂದಿರಬಹುದು, ಈಗಲೂ ಇರಬಹುದು. ಜಲಜಕ್ಕನಿಗೂ ಬಂತು. "ಹೋಗ್ಲಿಕ್ಕೆ ಬಿಟ್ಟೆಯಾ?" ಎಂದು ಕೇಳಿದಳು. ಅಂಗವನ್ನೇ ಕತ್ತರಿಸಿ ಕೊಟ್ಟು ತಂಗಿಯನ್ನು ಉಳಿಸಿಕೊಂಡವಳಿಗೆ ಏನು ಉತ್ತರ ಹೇಳಲಿ?

ಮುಂದಿನ ವಾರ ಮೈಮೂನಕ್ಕ ತೀರಿಕೊಂಡರು, ಮನೆಯಲ್ಲೇ, ಮಕ್ಕಳಿಬ್ಬರೂ ಪಕ್ಕದಲ್ಲಿರುವಾಗ. ಆಗ ನಾನಿರಲಿಲ್ಲ. ಹಾಗಾಗಿ ಅದನ್ನು ಬರೆಯುವ ಹಕ್ಕು ನನಗಿಲ್ಲ. ನಾನಿದ್ದದ್ದು ಅದಕ್ಕೆ ಮೊದಲು, ಆ ಫೋನು ಬಂದ ಮರುದಿನ. ಆಸ್ಪತ್ರೆಯ ಗಾಡಿ ಬರುವ ಹೊತ್ತಿಗೆ ಸರಿಯಾಗಿ ನಾನು ಬರಿಗೈಯಲ್ಲಿ ಅವರ ಮನೆಗೆ ಹೋಗಿದ್ದೆ. ಗಾಡಿ ಬಂದು, ಎರಡು ಸಲ ಹಾರ್ನ್ ಮಾಡಿ, ನಸೀಮಾ ಹೋಗಿ ಏನೋ ಹೇಳಿದ ಮೇಲೆ ತಿರುಗಿಕೊಂಡು ಹೋಯಿತು. ಮೈಮೂನಕ್ಕ ಆ ಸದ್ದು ದೂರವಾಗುವವರೆಗೆ ಕಿವಿಗೊಟ್ಟರು.

"ಹೆದರಿಕೆ ಆಗ್ತದಾ?" ಎಂದು ಕೇಳಿದೆ. ಇಷ್ಟು ಕಾಲದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳದೇ ಇದ್ದ ಪ್ರಶ್ನೆ ಅದೊಂದೇ.

"ಆಗ್ತದೆ" ಎಂದರು. ಮತ್ತೆ ಮಂಚದ ಅಂಚನ್ನು ಕೈಯಿಂದ ತಟ್ಟಿ, "ಇಲ್ಲಿ ಕೂತ್ಕೋ. ಈಗ ಎಂತದ್ದೂ ಹೇಳ್ಬೇಡ" ಎಂದರು.

ನಾನು ಕೂತೆ.